ಮಿಂಚಿನ ಗೋಳಕ್ಕೂ ಬೆಂಗಳೂರಿಗೂ ನಂಟು

ನ್ಯೂಜಿಲೆಂಡಿನಲ್ಲಿ ಕ್ರಿಸ್‌ಮಸ್ ಬರೋದು ನಡುಬೇಸಿಗೆಯಲ್ಲಿ. ಡ್ಯುನೆಡಿನ್‌ನಲ್ಲಿ ರಾತ್ರಿ 9 ಗಂಟೆಗೂ ಬೆಳಕಿರುತ್ತೆ. ಹಾಗಾಗಿ ಹಬ್ಬದ ಉಡುಗೊರೆಯಾಗಿ ನಮ್ಮ ಫ್ಲ್ಯಾಟಿಗೆ ಬಂದ ಪ್ಲಾಸ್ಮಾ ಗ್ಲೋಬನ್ನು ಪರದೆ ಎಳೆದೇ ನೋಡಬೇಕಾಯಿತು. ಬೆರಳಿಟ್ಟ ಕಡೆಗೆ ನೇರಳೆ ಬಣ್ಣದ ಎಳೆಗಳು ಓಡಿ ಬರುತ್ತವೆ. ನೋಡಿದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ: ಒಳಗೆ ಏನಿದೆ? ಶಾಕ್ ಯಾಕೆ ಹೊಡೆಯಲ್ಲ?

ಒಳಗಿರೋದು ನಿಯಾನ್, ಆರ್ಗಾನ್, ಕ್ಸೆನಾನ್‌ನಂಥ ಅನಿಲಗಳ ಮಿಶ್ರಣ. ನಡುವಿನ ಗುಂಡಿಗೆ ಕೆಲವು ಸಾವಿರ ವೋಲ್ಟ್ ವಿದ್ಯುತ್ ಬರುತ್ತೆ; ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುತ್ತೆ. ಆ ಸೆಳೆತಕ್ಕೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಹೀಗಾದ ಅನಿಲವೇ ಪ್ಲಾಸ್ಮಾ. ಅದರಲ್ಲಿ ವಿದ್ಯುತ್ ಹರಿಯುತ್ತೆ, ಹರಿದ ದಾರಿ ಹೊಳೆಯುತ್ತೆ.

ಇನ್ನು ಶಾಕ್ ವಿಚಾರ. ನಿಮ್ಮ ಬೆರಳು, ನಡುವೆ ಗಾಜು, ಆಚೆ ಪ್ಲಾಸ್ಮಾ: ಮೂರೂ ಸೇರಿ ಒಂದು ಕೆಪಾಸಿಟರ್ ಆಗುತ್ತೆ. ದಿಕ್ಕು ಬದಲಿಸುವ ವಿದ್ಯುತ್ತಿಗೆ ಮೈ ಮೂಲಕ ಹೋಗೋದು ಸುಲಭ, ಅದಕ್ಕೇ ಎಳೆಗಳು ಬೆರಳ ಕಡೆ ಸೇರುತ್ತವೆ. ಆದರೆ ಗಾಜು ದಾಟುವ ಕರೆಂಟು ಬಹಳ ಕಡಿಮೆ. ಹಳೇ ಸಿಎಫ್‌ಎಲ್ ಬಲ್ಬನ್ನು ಹತ್ತಿರ ಹಿಡಿದು ನೋಡಿ, ವೈರಿಲ್ಲದೆ ಮಿನುಗುತ್ತೆ.

ಹಾಗಂತ ಹುಡುಗಾಟ ಬೇಡ. ಗೋಳದ ಮೇಲೆ ನಾಣ್ಯ ಅಥವಾ ಫಾಯಿಲ್ ಇಟ್ಟು ಮುಟ್ಟಿದರೆ ಕಿಡಿ ಹಾರಿ ಬೆರಳು ಸುಡಬಹುದು. ಫೋನು, ಲ್ಯಾಪ್‌ಟಾಪ್ ದೂರವಿಡಿ. ಪೇಸ್‌ಮೇಕರ್ ಇರುವ ಹಿರಿಯರು ಊರಿಂದ ಬಂದಿದ್ದರೆ ಆಫ್ ಮಾಡಿಬಿಡಿ. ಗಾಜು ಬಿರುಕು ಬಿಟ್ಟಿದ್ದರೆ ಹಚ್ಚಲೇಬೇಡಿ.

ಈ ಅನಿಲಗಳ ಕಥೆ ಹುಡುಕಿದರೆ ನಮ್ಮೂರಿಗೇ ಬಂದು ಸೇರುತ್ತೆ. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ದ್ರವರೂಪದ ಗಾಳಿಯನ್ನು ಬೇರ್ಪಡಿಸುತ್ತಾ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಕಂಡುಹಿಡಿದರು. ಆಮೇಲೆ ಜೆಮ್‌ಶೆಟ್‌ಜಿ ಟಾಟಾ ಅವರು ಯೋಚಿಸಿದ್ದ ವಿಜ್ಞಾನ ಸಂಸ್ಥೆಗೆ ಜಾಗ ನೋಡಲು ರಾಮ್ಸೆ ಭಾರತಕ್ಕೆ ಬಂದರು. ಬೆಂಗಳೂರೇ ಸರಿ ಅಂದರು. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮೊದಲ ನಿರ್ದೇಶಕರು ಇದೇ ಟ್ರಾವರ್ಸ್. ಹಳಬರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಅದು.

ಸಂಘದ ಮುಂದಿನ ಕೂಟಕ್ಕೆ ಗೋಳ ತರುತ್ತೇವೆ. ಹಳೇ ಸಿಎಫ್‌ಎಲ್ ಇದ್ದವರು ತನ್ನಿ, ಒಳಗೆ ಪಾದರಸ ಇರುತ್ತೆ, ಒಡೆಯದ ಹಾಗೆ ಜೋಪಾನ!