ಅಭ್ಯಂಗ ಅಂತ್ಯಕಾಲಕ್ಕೆ ಮಾತ್ರವಲ್ಲ

ಫೆಬ್ರವರಿ 5 ಸಂತ ಆಗತಾ ಅವರ ಸ್ಮರಣೆ. ಸ್ತನರೋಗಿಗಳ ಪಾಲಕಿಯಾದ ಈ ರಕ್ತಸಾಕ್ಷಿಗೆ ಮೊರೆಯಿಡುವ ನಮ್ಮ ಹಿರಿಯ ತಾಯಂದಿರಲ್ಲಿ ಎಷ್ಟೋ ಮಂದಿ ತಮ್ಮ ಎದೆಯ ಗಂಟನ್ನು ಮಾತ್ರ ಸೆರಗಿನಡಿ ಬಚ್ಚಿಡುತ್ತಾರೆ. ನೋವಿಲ್ಲವೆಂಬ ಸಮಾಧಾನ ಬೇರೆ! ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ವಯಸ್ಸಾದಂತೆ ಅಪಾಯವೂ ಹೆಚ್ಚು. ಎಪ್ಪತ್ತು ದಾಟಿದವರಿಗೂ ಶಸ್ತ್ರಚಿಕಿತ್ಸೆಯುಂಟು. ಹಾರ್ಮೋನಿನಿಂದ ಬೆಳೆಯುವ ಗಡ್ಡೆಯಾದರೆ ಬಳಿಕ ದಿನವೂ ಮಾತ್ರೆ, ಸಾಮಾನ್ಯವಾಗಿ 5 ವರ್ಷ. ಕೀಲು ನೋಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಅಭ್ಯಂಗ ಸಂಸ್ಕಾರಕ್ಕಾಗಿ ಗುರುಗಳನ್ನು ಕರೆಯೋಣವೆಂದರೆ ಮನೆಯವರೇ ಬೆಚ್ಚುತ್ತಾರೆ. ಅದು ಸಾಯುವವರಿಗೆಂಬ ಹಳೆಯ ಭಯ ನಮ್ಮಲ್ಲಿನ್ನೂ ಹೋಗಿಲ್ಲ. ಇದು ಮರಣಾಸನ್ನರಿಗೆ ಮಾತ್ರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಾರಿತು. ಗಂಭೀರ ಕಾಯಿಲೆಯವರು ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಪಡೆಯಬಹುದು. ರೋಗ ಉಲ್ಬಣಿಸಿದರೆ ಮತ್ತೊಮ್ಮೆಯೂ.