ಸಂಜೆ ಬಂದವನಿಗೂ ಪೂರ್ತಿ ಕೂಲಿ

ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗುತ್ತಾನೆ. ಕೂಲಿಗಾಗಿ ಕಾದು ನಿಂತವರನ್ನು ದಿನಕ್ಕೆ ಒಂದು ದಿನಾರಿಯಸ್ ನಾಣ್ಯಕ್ಕೆ ಗೊತ್ತುಮಾಡಿ ತೋಟಕ್ಕೆ ಕಳಿಸುತ್ತಾನೆ. ಒಂಬತ್ತು ಗಂಟೆಗೆ, ನಡುಹಗಲಿಗೆ, ಮೂರಕ್ಕೆ ಮತ್ತೆ ಹೋಗಿ ಇನ್ನಷ್ಟು ಆಳುಗಳನ್ನು ಕರೆಯುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ಅಲ್ಲೇ ನಿಂತಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ತಮ್ಮನ್ನು ಯಾರೂ ಕರೆಯಲೇ ಇಲ್ಲ ಎನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಹೊತ್ತು ಮುಳುಗಿದ ಮೇಲೆ ಬಟವಾಡೆ ಶುರುವಾಗುತ್ತದೆ, ಅದೂ ಕೊನೆಗೆ ಬಂದವರಿಂದ. ಒಂದೇ ತಾಸು ದುಡಿದವರ ಕೈಗೆ ಪೂರ್ತಿ ದಿನಾರಿಯಸ್! ಬೆಳಗಿನಿಂದ ಬಿಸಿಲಲ್ಲಿ ಬೆವರು ಸುರಿಸಿದವರು ತಮಗೆ ಹೆಚ್ಚು ಸಿಗುತ್ತದೆಂದು ಆಸೆಪಟ್ಟರೆ, ಅವರಿಗೂ ಅಷ್ಟೇ.

ಅವರು ಗೊಣಗುತ್ತಾರೆ. ಕತೆ ಕೇಳಿದ ನಮಗೂ ಗೊಣಗಬೇಕೆನಿಸುತ್ತದೆ. ಆದರೆ ಯಜಮಾನ ಮಾತು ತಪ್ಪಿಲ್ಲ. ಒಪ್ಪಿಕೊಂಡ ಕೂಲಿಯನ್ನು ಯಾರಿಗೂ ಕಡಿಮೆ ಮಾಡಿಲ್ಲ. ಅಂದಿನ ಲೆಕ್ಕದಲ್ಲಿ ಒಂದು ದಿನಾರಿಯಸ್ ಎಂದರೆ ಒಬ್ಬ ಆಳಿನ ಒಂದು ದಿನದ ದುಡಿಮೆ, ಅವನ ಮನೆಯವರ ಅಂದಿನ ಊಟ. ಯಾರೂ ಕರೆಯದ ಕಾರಣಕ್ಕೆ ಸಂಜೆಯವರೆಗೆ ನಿಂತವನ ಮಕ್ಕಳಿಗೂ ಹಸಿವು ಅಷ್ಟೇ ಇರುತ್ತದಲ್ಲವೇ?

ಮತ್ತಾಯನ ಸುವಾರ್ತೆಯಲ್ಲಿರುವ ಈ ಕತೆ ಯೇಸುವಿನದು. ಅವನ ಉಪದೇಶದ ದೊಡ್ಡ ಪಾಲು ಇಂಥ ಸಾಮ್ಯಗಳಲ್ಲಿ ಉಳಿದುಬಂದಿದೆ. ಬಿತ್ತನೆ, ಕಳೆ, ಹುಳಿಹಿಟ್ಟು, ಕಳೆದುಹೋದ ಕುರಿ, ತೀರದ ಸಾಲ, ಮೀನುಬಲೆ. ದೇವರ ರಾಜ್ಯ ಹೇಗಿರುತ್ತದೆ ಎಂದು ವಿವರಿಸಲು ಅವನು ಕೈಗೆತ್ತಿಕೊಂಡದ್ದು ಈ ಸಾಮಾನುಗಳನ್ನೇ. ಇವು ಮುದ್ದಾದ ನೀತಿಕತೆಗಳೆಂದುಕೊಂಡು ಓದಿದರೆ ಅವುಗಳ ಹರಿತ ತಿಳಿಯುವುದಿಲ್ಲ. ಯೇಸುವಿನ ಕತೆಗಳಲ್ಲಿ ಪೆಟ್ಟು ಹೆಚ್ಚಾಗಿ ಬೀಳುವುದು ದುಷ್ಟರಿಗಲ್ಲ, ತಾವು ಸರಿಯಾಗಿ ಬಾಳಿದ್ದೇವೆ ಎಂದು ನೆಮ್ಮದಿಯಿಂದಿರುವ ಸಜ್ಜನರಿಗೆ.

ಅವನು ಬೆಳೆದ ಗಲಿಲಾಯ ಇಂದಿನ ಇಸ್ರೇಲಿನ ಉತ್ತರ ಭಾಗದಲ್ಲಿದೆ. ಅಲ್ಲಿನ ಅರಸ ಮಹಾ ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ. ಅದಕ್ಕೂ ಸ್ವಲ್ಪ ಮೊದಲು ಯೇಸು ಹುಟ್ಟಿದನೆಂದು ಬಹುತೇಕ ವಿದ್ವಾಂಸರು ಎಣಿಸುತ್ತಾರೆ. ಆರನೆಯ ಶತಮಾನದಲ್ಲಿ ಕ್ರಿಸ್ತಶಕದ ಎಣಿಕೆ ರೂಪಿಸಿದ ಸನ್ಯಾಸಿ ಡಯೋನೀಸಿಯಸ್‌ನ ಲೆಕ್ಕ ಕೆಲವು ವರ್ಷ ತಪ್ಪಿದ್ದರಿಂದ, ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ ಎಂದು ಹೇಳಬೇಕಾಗಿ ಬಂದಿದೆ. ನಜರೇತ್ ಕೆಲವೇ ನೂರು ಜನರಿದ್ದ ಹಳ್ಳಿ. ಯೇಸು ಯೆಹೂದ್ಯನಾಗಿ ಹುಟ್ಟಿದ, ಯೆಹೂದ್ಯನಾಗಿಯೇ ಬಾಳಿದ. ಆಡಿದ್ದು ಅರಮಾಯಿಕ್ ಭಾಷೆ. ಬಡಗಿ ಕೆಲಸ ಅವನ ಮನೆತನದ ಕಸುಬು.

ಗಲಿಲಾಯದ ಸರೋವರ ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. 1986ರಲ್ಲಿ ಬರ ಬಂದು ನೀರು ಇಳಿದಾಗ, ಹೆಚ್ಚುಕಡಿಮೆ ಯೇಸುವಿನ ಕಾಲದ ದೋಣಿಯೊಂದು ಕೆಸರಿನಲ್ಲಿ ಸಿಕ್ಕಿತು. ಎಂಟು ಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ಅದನ್ನು ಹಲವು ಜಾತಿಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿ ಬಳಸಿದ್ದರು. ಹೊಸ ದೋಣಿ ಕಟ್ಟಿಸಲು ಆಗದವರ ದೋಣಿ ಅದು. ಯೇಸುವಿನ ಮೊದಲ ಶಿಷ್ಯರಾದ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನರು ಇದೇ ಸರೋವರದ ಬೆಸ್ತರು. ಅದೇ ದಡದಲ್ಲಿ ಹೆರೋದನ ಮಗ ಅಂತಿಪ್ಪ, ಚಕ್ರವರ್ತಿ ತಿಬೇರಿಯನ ಹೆಸರಿನಲ್ಲಿ ಹೊಸ ರಾಜಧಾನಿ ಕಟ್ಟಿಸಿದ್ದ. ಆ ವೈಭವಕ್ಕೆ ತೆರಿಗೆ ಸಂದಾಯವಾಗುತ್ತಿದ್ದುದು ಹೊಲ, ಬಲೆಗಳಿಂದ. ಸಾಲಗಾರರು, ದಿನಗೂಲಿಗಳು, ಸುಂಕದವರು ಯೇಸುವಿನ ಕತೆಗಳಲ್ಲಿ ಅಷ್ಟೊಂದು ತುಂಬಿಕೊಂಡಿರುವುದು ಇದರಿಂದಲೇ.

ಸುಮಾರು ಮೂವತ್ತರ ವಯಸ್ಸಿನಲ್ಲಿ ಯೊರ್ದನ್ ನದಿಯಲ್ಲಿ ಸ್ನಾನಿಕ ಯೋಹಾನನಿಂದ ದೀಕ್ಷಾಸ್ನಾನ ಪಡೆದು ಅವನು ಊರೂರು ತಿರುಗತೊಡಗಿದ. ಆ ಯೋಹಾನನನ್ನು ಅಂತಿಪ್ಪ ಕೊಲ್ಲಿಸಿದ. ಯೇಸುವಿನ ಬಹಿರಂಗ ಬದುಕು ಒಂದರಿಂದ ಮೂರು ವರ್ಷ, ಅಷ್ಟೇ.

ಅವನ ಕತೆಗಳ ಪೈಕಿ ಹೆಚ್ಚು ಪ್ರಸಿದ್ಧವಾದದ್ದು ಲೂಕನ ಸುವಾರ್ತೆಯ ಸಮಾರ್ಯದವನ ಕತೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ನಿಯಮ ಮೋಶೆಯ ಧರ್ಮಶಾಸ್ತ್ರದಲ್ಲಿ ಮೊದಲೇ ಇತ್ತು. ನೆರೆಯವನೆಂದರೆ ಯಾರು ಎಂದು ಶಾಸ್ತ್ರಜ್ಞನೊಬ್ಬ ಕೇಳಿದ. ಇದು ಒಳ್ಳೆಯ ಪ್ರಶ್ನೆಯೇ. ಕರ್ತವ್ಯಕ್ಕೆ ಎಲ್ಲೋ ಒಂದು ಗಡಿ ಬೇಕಲ್ಲ. ಯೇಸು ನೇರ ಉತ್ತರ ಕೊಡದೆ, ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಗೆ ಅವನನ್ನು ಕರೆದೊಯ್ದ. ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಒಂದು ಸಾವಿರ ಮೀಟರ್‌ ಇಳಿಯುವ, ಕಳ್ಳಕಾಕರಿಗೆ ಅನುಕೂಲವಾದ ಬಂಜರು ದಾರಿ. ದರೋಡೆಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಕಂಡ ಯಾಜಕ ಮಗ್ಗುಲಾಗಿ ಹೋದ. ದೇವಾಲಯದ ಸೇವಕ ಲೇವಿಯನೂ ಹಾಗೆಯೇ ಹೋದ.

ಯಾಜಕ, ಲೇವಿಯ ಎಂದಾದ ಮೇಲೆ ಮೂರನೆಯವನು ತಮ್ಮಂಥ ಸಾಮಾನ್ಯ ಯೆಹೂದ್ಯನೇ ಇರಬೇಕೆಂದು ಕೇಳುಗರು ಕಾದಿರಬಹುದು. ಬಂದವನು ಸಮಾರ್ಯದವನು. ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ದೇವಾಲಯವನ್ನು ಯೆಹೂದ್ಯ ಅರಸ ಯೋಹಾನ ಹಿರ್ಕಾನ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನೆಲಸಮ ಮಾಡಿಸಿದ್ದ. ಅಂಥ ಹಗೆತನವಿದ್ದ ಜನಾಂಗದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದು ರಾತ್ರಿ ಆರೈಕೆ ಮಾಡಿದ. ಮಾರನೆಯ ದಿನ ಛತ್ರದವನಿಗೆ ಎರಡು ದಿನಾರಿಯಸ್ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ತೀರಿಸುತ್ತೇನೆಂದ. ಎರಡು ದಿನದ ದುಡಿಮೆಯ ಹಣ, ಜೊತೆಗೆ ಮಿತಿ ಹೇಳದ ಜವಾಬ್ದಾರಿ.

ಕೊನೆಗೆ ಯೇಸು ಪ್ರಶ್ನೆಯನ್ನೇ ತಿರುಗಿಸಿದ. ಆ ಮೂವರಲ್ಲಿ ಗಾಯಗೊಂಡವನಿಗೆ ನೆರೆಯವನಾದವನು ಯಾರು? ಶಾಸ್ತ್ರಜ್ಞನ ಬಾಯಿಂದ ಸಮಾರ್ಯ ಎಂಬ ಹೆಸರು ಹೊರಡಲಿಲ್ಲ. ದಯೆ ತೋರಿದವನು ಎಂದಷ್ಟೇ ಹೇಳಿದ. ನನ್ನ ಸಹಾಯಕ್ಕೆ ಯಾರು ಅರ್ಹರು ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಬಿದ್ದವನ ಜಾತಿ, ಊರು, ಗುಣ ಯಾವುದನ್ನೂ ಕತೆ ಹೇಳುವುದೇ ಇಲ್ಲ.

ಇದೇ ಉಪದೇಶ ಅವನ ಊಟದ ಪಂಕ್ತಿಯಲ್ಲೂ ಕಾಣುತ್ತಿತ್ತು. ಜನ ಶಪಿಸುತ್ತಿದ್ದ ಸುಂಕದವರ ಜೊತೆ ಉಂಡ. ಕುಷ್ಠರೋಗಿಗಳನ್ನು ಮುಟ್ಟಿದ. ಮಗ್ದಲದ ಮರಿಯ, ಅಂತಿಪ್ಪನ ಅಧಿಕಾರಿಯ ಹೆಂಡತಿ ಯೋಹಾನ್ನಳಂಥ ಹೆಂಗಸರು ಅವನ ಜೊತೆ ಸಂಚರಿಸಿ, ತಮ್ಮ ಹಣದಿಂದ ಗುಂಪನ್ನು ಪೋಷಿಸಿದರು. ಪಾಪಿಗಳ ಜೊತೆ ಉಣ್ಣುತ್ತಾನೆಂದು ಕೆಲವರು ದೂರಿದಾಗ ಅವನು ಹೇಳಿದ್ದು ತಪ್ಪಿಹೋದ ಮಗನ ಕತೆ. ಆಸ್ತಿ ಹಾಳುಮಾಡಿ ಬಂದ ಕಿರಿಯನಿಗೆ ಔತಣ ನಡೆಯುತ್ತಿದೆ. ವರ್ಷಗಟ್ಟಲೆ ದುಡಿದ ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಿದ್ದಾನೆ. ಒಳಗೆ ಬಾ ಎಂದು ತಂದೆ ಅಂಗಲಾಚುತ್ತಾನೆ. ಅವನು ಹೋದನೇ? ಕತೆ ಅಲ್ಲಿಗೇ ನಿಲ್ಲುತ್ತದೆ. ದ್ರಾಕ್ಷಿ ತೋಟದ ಗೊಣಗಾಟವೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿದೆ. ಹಿರಿಯ ಮಗನಂಥವರಿಗೆ ಉತ್ತರವನ್ನು ಬಿಟ್ಟುಕೊಟ್ಟಿರುವುದರಲ್ಲೇ ಯೇಸುವಿನ ಕತೆಗಾರಿಕೆಯ ಹಿರಿಮೆಯಿದೆ.

ಯೆಹೂದ್ಯರ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋದಾಗ ಯೇಸು ದೇವಾಲಯದ ಅಂಗಳದಲ್ಲಿ ನಾಣ್ಯ ಬದಲಿಸುವವರ ಮೇಜುಗಳನ್ನು ಕೆಡವಿದ. ಹಬ್ಬದ ಜನಸಂದಣಿಯಲ್ಲಿ ದಂಗೆಗೆ ಹೆದರುತ್ತಿದ್ದ ರೋಮನ್ ಆಡಳಿತಕ್ಕೂ ದೇವಾಲಯದ ಮುಖ್ಯಸ್ಥರಿಗೂ ಇದು ಸಹಿಸುವ ಮಾತಾಗಿರಲಿಲ್ಲ. ರಾಜ್ಯಪಾಲ ಪೊಂತ್ಯ ಪಿಲಾತ ಅವನನ್ನು ಯೆಹೂದ್ಯರ ಅರಸನೆಂಬ ಆರೋಪದ ಮೇಲೆ ಶಿಲುಬೆಗೇರಿಸಿದ. ವರ್ಷ 30 ಅಥವಾ 33 ಇರಬೇಕು. ಶಿಲುಬೆ ರೋಮನ್ನರ ಶಿಕ್ಷೆ, ಹೆಚ್ಚಾಗಿ ಗುಲಾಮರಿಗೂ ಬಂಡಾಯಗಾರರಿಗೂ ವಿಧಿಸುತ್ತಿದ್ದ ಮರಣ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಈ ಮರಣದಂಡನೆಯನ್ನು ದಾಖಲಿಸಿದ್ದಾನೆ. ಪಿಲಾತನ ಹೆಸರು ಕೆತ್ತಿದ ಕಲ್ಲೊಂದು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಆದರೂ ಈ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಿ ಯುರೋಪಿನಲ್ಲಿ ಶತಮಾನಗಳ ಕಾಲ ಹಿಂಸೆ ನಡೆಯಿತು. ಅದು ಯೇಸುವಿನ ಹೆಸರಿನಲ್ಲೇ ಅವನ ಜನರಿಗೆ ಎಸಗಿದ ಘೋರ ಅನ್ಯಾಯ. ಆ ಆರೋಪವನ್ನು ಕ್ಯಾಥೊಲಿಕ್ ಸಭೆ 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಅಧಿಕೃತವಾಗಿ ತಿರಸ್ಕರಿಸಿತು.

ಗಂಡಸರಾದ ಶಿಷ್ಯರು ಹೆಚ್ಚಿನವರು ಓಡಿಹೋದಾಗ ಶಿಲುಬೆಯ ಬಳಿ ನಿಂತವರು ಹೆಂಗಸರು. ಮೂರನೆಯ ದಿನ ಸಮಾಧಿ ಬರಿದಾಗಿರುವುದನ್ನು ಮೊದಲು ಕಂಡವರೂ ಹೆಂಗಸರೇ ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಯೇಸು ಸಾವಿನಿಂದ ಎದ್ದುಬಂದನೆಂಬ ನಂಬಿಕೆಯೇ ಕ್ರೈಸ್ತ ಧರ್ಮದ ಬುನಾದಿ.

ಯೇಸುವಿನ ಕೊನೆಯ ದಿನವನ್ನು ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟಿದ್ದಾರೆ. ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಾಗಿ ಬರೆದವರೂ ಅವರೇ. ಕತೆಗಳನ್ನು ಮೂಲಕ್ಕೆ ಹತ್ತಿರದಲ್ಲಿ ಓದಬೇಕೆನ್ನುವವರು ಕನ್ನಡ ಬೈಬಲಿನ ಮತ್ತಾಯ 20, ಲೂಕ 10 ಮತ್ತು 15ನೆಯ ಅಧ್ಯಾಯಗಳನ್ನು ತೆರೆಯಲಿ. ಮೂರನ್ನೂ ಓದಿ ಮುಗಿಸಲು ಅರ್ಧ ಗಂಟೆ ಸಾಕು.