ಅಣ್ಣನಿಗಿಂತ ತಂಗಿ ಮುಂದಾದಾಗ

ದಿಲ್ಲಿಯ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ ಮಕ್ಕಳ ವಿಷಯ ಬಾರದಿರುವುದು ಅಪರೂಪ. ಆಗ ಎರಡು ಮಕ್ಕಳಿರುವ ಮನೆಯವರು ಒಂದು ಮಾತು ಹೇಳುವುದುಂಟು: “ಚಿಕ್ಕವಳು ಅರಳು ಹುರಿದಂತೆ ಮಾತನಾಡುತ್ತಾಳೆ, ದೊಡ್ಡವನದೇ ಚಿಂತೆ.” ಆ ದೊಡ್ಡವನು ಅಲ್ಲಿಯೇ ತಾಯಿಯ ಸೆರಗು ಹಿಡಿದು ನಿಂತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಈ ಲೇಖಕನು ವೈದ್ಯನಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನು. ಆದರೆ ಈ ಮಾತನ್ನು ತನ್ನ ಮನೆಯಲ್ಲಿ ತಾನೇ ಆಡಿದವನಾದ್ದರಿಂದ ಬರೆಯುವ ಧೈರ್ಯ ಮಾಡಿದ್ದಾನೆ.

ಮಕ್ಕಳ ಬೆಳವಣಿಗೆಗೆ ಗೊತ್ತಾದ ದಿನಾಂಕವೆಂಬುದಿಲ್ಲ, ಅವಧಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯು ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ತನ್ನ ನಿರ್ಣಯಗಳನ್ನು ಪ್ರಕಟಿಸಿತು. ಅವರಲ್ಲಿ ನಮ್ಮ ದಕ್ಷಿಣ ದಿಲ್ಲಿಯ ಮಕ್ಕಳೂ ಇದ್ದರು. ಆಸರೆಯಿಲ್ಲದೆ ನಡೆಯುವುದಕ್ಕೆ ಅಲ್ಲಿ ಕಂಡುಬಂದ ಅವಧಿ 8.2ರಿಂದ 17.6 ತಿಂಗಳು. ಅಂದರೆ ತಂಗಿ ಒಂಬತ್ತನೆಯ ತಿಂಗಳಲ್ಲಿ ನಡೆದು, ಅಣ್ಣ ಹದಿನೇಳನೆಯ ತಿಂಗಳಲ್ಲಿ ನಡೆದಿದ್ದರೂ ಇಬ್ಬರೂ ಮಿತಿಯೊಳಗೇ ಇದ್ದಾರೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆದುಬಿಡುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷಗಳವರೆಗೆ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸತಕ್ಕದ್ದು. ಮೇಲಾಗಿ, ಎರಡನೆಯ ಮಗುವಿಗೆ ಅನುಕರಿಸಲು ಮನೆಯಲ್ಲೇ ಒಂದು ಮಗುವಿರುತ್ತದೆ. ಆರಂಭದ ಶಿಲ್ಕೇ ಬೇರೆಯಾದ ಎರಡು ಖಾತೆಗಳನ್ನು ಯಾವ ಗುಮಾಸ್ತನೂ ಹೋಲಿಸಲಾರ.

ನಮ್ಮಂಥ ವಲಸಿಗರಲ್ಲಿ ಇನ್ನೊಂದು ನಂಬಿಕೆಯಿದೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಆದಕಾರಣ ಮಾತು ತಡವಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ, ಇಲ್ಲವೇ ಕನ್ನಡವನ್ನೇ ಬಿಡುತ್ತೇವೆ. ಎರಡೂ ತಪ್ಪು. ಹಲವು ಭಾಷೆಗಳನ್ನು ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ. ಮಗುವಿನ ಶಬ್ದಗಳನ್ನು ಎಲ್ಲ ಭಾಷೆಗಳಿಂದಲೂ ಕೂಡಿಸಿ ಎಣಿಸಬೇಕು.

ನಾವೂ ಹೀಗೆಯೇ ಸಮಾಧಾನಪಟ್ಟುಕೊಂಡಿದ್ದೆವು. ನಾಲ್ಕು ವರ್ಷದ ಮಗನ ಮಾತು ಸ್ಪಷ್ಟವಿರಲಿಲ್ಲ. ಎರಡೂವರೆ ವರ್ಷದ ಮಗಳು ಕಥೆ ಹೇಳುತ್ತಿದ್ದಳು. “ತಂಗಿಯನ್ನು ನೋಡಿ ಕಲಿತುಕೋ” ಎಂದು ನಾನು ಗದರಿದಂತೆಲ್ಲ ಅವನ ಮಾತು ಕಡಿಮೆಯಾಗುತ್ತ ಹೋಯಿತು. ಆ ಚಳಿಗಾಲದಲ್ಲಿ ಶಿವಮೊಗ್ಗೆಯಿಂದ ಬಂದಿದ್ದ ನನ್ನ ತಾಯಿಯವರು ಒಂದು ದಿನ, “ಹಿಂದಿನಿಂದ ಕರೆದರೆ ಕೂಸು ತಿರುಗುತ್ತದೆ, ಇವನು ತಿರುಗುವುದಿಲ್ಲವಲ್ಲಪ್ಪಾ” ಎಂದರು. ಪದೇ ಪದೇ ಬಂದ ನೆಗಡಿಯಿಂದ ಎರಡು ಕಿವಿಗಳ ತಮಟೆಯ ಹಿಂದೆಯೂ ದ್ರವ ನಿಂತು ಶ್ರವಣ ಮಂದವಾಗಿತ್ತು. ಎಳೆಯ ಮಕ್ಕಳಲ್ಲಿ ಇದು ಸಾಮಾನ್ಯ. ಅನೇಕರಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಂಗುತ್ತದೆ. ಇವನಿಗೆ ಇಂಗದ ಕಾರಣ ಸಣ್ಣ ಶಸ್ತ್ರಚಿಕಿತ್ಸೆಯಾಯಿತು.

ತಾಯಿಯವರು ಮಾಡಿದ್ದೂ ಹೋಲಿಕೆಯೇ, ನಾನು ಮಾಡಿದ್ದೂ ಹೋಲಿಕೆಯೇ. ಅವರು ಅದನ್ನು ನನಗೆ ಹೇಳಿದರು. ನಾನು ಅದನ್ನು ಮಗುವಿಗೆ ಹೇಳುತ್ತಿದ್ದೆ. ಕಂಡ ವ್ಯತ್ಯಾಸವನ್ನು ವೈದ್ಯರಿಗೆ ಬಿಚ್ಚಿ ಹೇಳಬೇಕು. ಹದಿನಾರು ತಿಂಗಳಾದರೂ ಒಂದು ಶಬ್ದವಿಲ್ಲದಿದ್ದರೆ, ಹದಿನೆಂಟಾದರೂ ನಡೆಯದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಕಲಿತದ್ದು ಮರೆತುಹೋದರೆ ಕಾಯುತ್ತ ಕೂರಬಾರದು. ಮಾತು ತಡವಾದಾಗ ಮೊದಲು ಕಿವಿಯ ಪರೀಕ್ಷೆಯಾಗಬೇಕು. ರಜೆಯಲ್ಲಿ ಊರಿಗೆ ಹೋಗುವವರಿಗೆ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯಲ್ಲಾದರೋ, ತಂಗಿಯ ಜಾಣತನವನ್ನು ಅಡಗಿಸಬೇಕಾಗಿಲ್ಲ. ಅಣ್ಣನ ಹೆಸರನ್ನು ಜೊತೆಗೆ ಎಳೆಯದಿದ್ದರಾಯಿತು. ದಿನಕ್ಕೆ ಕಾಲು ಗಂಟೆ ಅವನೊಬ್ಬನೊಡನೆ ಕುಳಿತು, ಅವನು ಮಾತು ಮುಗಿಸುವವರೆಗೆ ಕೇಳಬೇಕು. ತಂಗಿ ಅವನ ಪರವಾಗಿ ಉತ್ತರಿಸಲು ಬಂದರೆ ಮೆಲ್ಲನೆ ತಡೆಯಬೇಕು. ಅತಿಥಿಗಳ ಬಾಯಿಗೆ ಬೀಗ ಹಾಕುವುದು ಕಷ್ಟ, ಮಾತು ಬದಲಿಸಬಹುದು.

ನಮ್ಮ ಹುಡುಗನ ಕಿವಿ ಕೆಲವೇ ತಿಂಗಳಲ್ಲಿ ಸರಿಹೋಯಿತು. ತಂಗಿ ಕೋಣೆಗೆ ಬಂದೊಡನೆ ಮಾತು ನಿಲ್ಲಿಸುವ ಅಭ್ಯಾಸ ಮಾತ್ರ ಎರಡನೆಯ ತರಗತಿಯವರೆಗೂ ಉಳಿದಿತ್ತು.